ದಾಲ್ ಮಿಲ್‌ನಲ್ಲಿ ಬೆರಳು ಹೋದರೆ ಪರಿಹಾರ ಎಷ್ಟು?

ಪ್ರಶ್ನೆ: ಕಲಬುರಗಿಯ ತೊಗರಿಬ್ಯಾಳಿ ಮಿಲ್, ಆರೇ ಮಂದಿ ಆಳು, ಇಎಸ್ಐ (ಕಾರ್ಮಿಕರ ವಿಮೆ) ಇಲ್ಲ. 2025ರ ಜೂನ್‌ನಲ್ಲಿ ಬೆಲ್ಟಿಗೆ ಸಿಕ್ಕು ಒಬ್ಬನ ತೋರುಬೆರಳು ಪೂರ್ತಿ ಹೋಗ್ಯಾದ. ವಯಸ್ಸು 30, ಪಗಾರ 18,000. ಮಾಲೀಕರು 40,000 ಕೊಟ್ಟು ಸಹಿ ಹಾಕು ಅಂತಾರ. ಏನು ಮಾಡಬೇಕ್ರಿ?

ಉತ್ತರ 1: ಸಹಿ ಬ್ಯಾಡ್ರಿ. ಈ ಅಪಘಾತಕ್ಕೆ 1923ರ ನೌಕರರ ಪರಿಹಾರ ಕಾಯ್ದೆ ಹತ್ತತದ. ಪಗಾರ ಹೆಚ್ಚಿದ್ದರೂ ಲೆಕ್ಕಕ್ಕೆ 15,000ದ ತನಕ ಮಾತ್ರ. ಅದರ ಶೇ. 60 ಅಂದರೆ 9,000. ಇದನ್ನ ವಯಸ್ಸಿನ ಗುಣಕದಿಂದ ಗುಣಿಸಬೇಕು, ಕಾಯ್ದೆಯ ಪಟ್ಟಿಯಲ್ಲಿ 30 ವರ್ಷಕ್ಕೆ ಅದು 207.98. ಪೂರ್ತಿ ತೋರುಬೆರಳು ಹೋದರೆ ದುಡಿಯೋ ಶಕ್ತಿಯ ನಷ್ಟ ಶೇ. 14 ಅಂತ ಲೆಕ್ಕ, ಬಂದ ಮೊತ್ತದಲ್ಲಿ ಅಷ್ಟು ಪಾಲು ಸಿಗತದ. ಒಟ್ಟು ಸುಮಾರು 2,62,054 ರೂಪಾಯಿ. ದವಾಖಾನಿ ಖರ್ಚು ಬೇರೆ, ಬಿಲ್ ಜೋಪಾನ.

ಉತ್ತರ 2: ಎರಡು ಗೆಣ್ಣು ಹೋಗಿದ್ದರೆ ಶೇ. 11, ಒಂದೇ ಆದರೆ 9. ಡಾಕ್ಟರ್ ಬರೀ ‘ಬೆರಳಿಗೆ ಗಾಯ’ ಅಂತ ಬರೆದರೆ ಇಲ್ಲೇ ರೊಕ್ಕ ಸೋರತದ. ಎಷ್ಟು ಗೆಣ್ಣು ಅನ್ನೋದು ಸರ್ಟಿಫಿಕೇಟಿನಲ್ಲಿ ಇರಲೇಬೇಕು.

ಉತ್ತರ 3: ರಾಜಿ ಆದರೂ ಒಪ್ಪಂದ ಪರಿಹಾರ ಆಯುಕ್ತರ (ಈ ಕಾಯ್ದೆಯ ಅರ್ಜಿ ತೀರ್ಮಾನಿಸೋ ಅಧಿಕಾರಿ) ಬಳಿ ನೋಂದಣಿ ಆಗಬೇಕು, ಆಗದಿದ್ದರೆ ಪೂರ್ತಿ ಹೊಣೆ ಮಾಲೀಕರ ಮ್ಯಾಲೇ ಉಳಿತದ. ಅರ್ಜಿಗೆ ಎರಡು ವರ್ಷ ಗಡುವು. ಕಾರ್ಮಿಕ ಶಹಾಪುರದವನಾದರೆ ಯಾದಗಿರಿ ಜಿಲ್ಲೆಯ ಆಯುಕ್ತರಲ್ಲೇ ಹಾಕಬಹುದು, ಕಲಬುರಗಿಗೆ ಅಲೆಯೋದು ಬೇಕಿಲ್ಲ. ತಿಂಗಳೊಳಗೆ ಕೊಡದಿದ್ದರೆ ಶೇ. 12 ಬಡ್ಡಿ, ಸಕಾರಣ ಇಲ್ಲದ ವಿಳಂಬಕ್ಕೆ ಶೇ. 50ರ ತನಕ ದಂಡ. ಹಾಜರಿ ಪುಸ್ತಕದ ಫೋಟೊ, ಪಗಾರ ಜಮಾ ಆದ ಪಾಸ್‌ಬುಕ್ ಈಗಲೇ ತಗೊಂಡಿಡ್ರಿ, ‘ನಮ್ಮ ಆಳೇ ಅಲ್ಲ’ ಅನ್ನೋದು ಮಾಮೂಲಿ ವಾದ.