‘ಒಂದು ಎಲೆ ತೆಗೀರಿ’: ಇಸ್ಪೀಟ್ ಜಾದೂವಿನ ಮಾತುಗಳ ಬಗ್ಗೆ

ಬಲ್ಲವರೆಲ್ಲರಿಗೂ ನಮಸ್ಕಾರ.

ಇಸ್ಪೀಟಿನ ಜಾದೂ ಮಾಡುವಾಗ ಆಡುವ ಕೆಲವು ಮಾತುಗಳ ಬಗ್ಗೆ ಕೇಳಬೇಕಿತ್ತು. ಸ್ಟೇಜಿನ ಮೇಲೆ ಪೆಟ್ಟಿಗೆ, ಪರದೆ, ಪಾರಿವಾಳ ಇಟ್ಟುಕೊಂಡು ಮಾಡುವ ಜಾದೂ ಅಲ್ಲ. ಹೋಟೆಲಿನಲ್ಲೋ ಬಾರಿನಲ್ಲೋ ಆರ್ಡರ್ ಕೊಟ್ಟು ಕಾಯುತ್ತಾ ಕೂತವರ ಟೇಬಲ್ಲಿಗೆ ಹೋಗಿ, ಅಂಗಡಿಯಲ್ಲಿ ಸಿಗುವ ಸಾದಾ ಇಸ್ಪೀಟ್ ಕಟ್ಟಿನಲ್ಲೇ ಮಾಡುವಂಥದ್ದು. ನನ್ನ ಅಕ್ಕನ ಮಗ ಬೇಕಲದ ಕಡೆಯ ರಿಸಾರ್ಟುಗಳಲ್ಲಿ, ಕಾಸರಗೋಡು ಪೇಟೆಯ ಹೋಟೆಲುಗಳಲ್ಲಿ ಶನಿವಾರ ಭಾನುವಾರ ಇದನ್ನು ಮಾಡುತ್ತಾನೆ. ಬದಿಯಡ್ಕದಲ್ಲಿ ಕನ್ನಡ ಮೀಡಿಯಮ್ಮಿನಲ್ಲೇ ಓದಿದವನು, ಮನೆಮಾತು ಹವ್ಯಕ ಕನ್ನಡ. ಆದರೆ ಜಾದೂ ಕಲಿತದ್ದು ಮಲಯಾಳದಲ್ಲಿ. ಮಲಯಾಳದವರ ಮುಂದೆ ಅವನ ಬಾಯಿ ನಿಲ್ಲುವುದಿಲ್ಲ. ಪುತ್ತೂರು, ಮಂಗಳೂರು ಕಡೆಯವರು ಕೂತಿದ್ದರೆ ಮಾತ್ರ ತಡವರಿಸುತ್ತಾನೆ. “ಮಾವ, ನೀವೇ ಕನ್ನಡದಲ್ಲಿ ಬರೆದು ಕೊಡಿ” ಅಂದ. ಬರೆಯಲು ಕೂತ ಮೇಲೆ ಹುಟ್ಟಿದ ಸಂದೇಹಗಳು ಇವು.

ಮೊದಲ ತೊಡಕು ಎಲೆಯದ್ದು. ಮಲಯಾಳದವರು ಚೀಟ್ಟ್ ಅನ್ನುತ್ತಾರೆ. ಮರಾಠಿಯವರ ಪತ್ತಾ, ನಮ್ಮ ಎಲೆ, ಎರಡೂ ಒಂದೇ. ಹಾಗಾಗಿ ‘ಒಂದು ಎಲೆ ತೆಗೀರಿ’ ಅಂತಲೇ ಬರೆದುಕೊಟ್ಟೆ. ಮನೆಯ ಚಾವಡಿಯಲ್ಲಿ ಈ ಮಾತಿಗೆ ಯಾವ ತೊಂದರೆಯೂ ಇಲ್ಲ. ಊಟದ ಹೋಟೆಲಿನಲ್ಲಿ ಉಂಟು. ಅಲ್ಲಿ ಎಲೆ ಅಂದರೆ ಬಾಳೆಲೆ, ಎಲೆ ತೆಗೆಯುವುದು ಅಂದರೆ ಉಂಡ ಮೇಲೆ ಎಂಜಲೆಲೆ ತೆಗೆಯುವುದು. ಓಣಂ ಸಮಯದಲ್ಲಿ ಬಾಳೆಲೆ ಹಾಕಿ ಬಡಿಸುವ ಒಂದು ಹೋಟೆಲಿನಲ್ಲಿ ಇವನು ಪುತ್ತೂರಿನ ಕುಟುಂಬವೊಂದರ ಮುಂದೆ ಕಟ್ಟನ್ನು ಬೀಸಣಿಗೆ ಹಾಗೆ ಬಿಡಿಸಿ ಹಿಡಿದು ಈ ಮಾತು ಹೇಳಿದ. ಅಲ್ಲಿದ್ದ ಅಜ್ಜ ಒಬ್ಬರು ತಲೆಯೆತ್ತಿ, “ಎಂಥ ಮಾರಾಯ, ಇನ್ನೂ ಉಪ್ಪಿನಕಾಯಿ ಕೂಡ ಬಡಿಸ್ಲಿಲ್ಲ, ಆಗ್ಲೇ ಎಲೆ ತೆಗೀಲಿಕ್ಕೆ ಹೇಳ್ತೀಯಲ್ಲ!” ಅಂದರು. ಇಡೀ ಟೇಬಲ್ ನಕ್ಕಿತು. ನಗು ಒಳ್ಳೆಯದೇ, ಆದರೆ ಆ ಗದ್ದಲದಲ್ಲಿ ಅಜ್ಜನ ಬೆರಳಿಗೆ ಸಿಗಬೇಕಿದ್ದ ಎಲೆ ಮೊಮ್ಮಗಳ ಕೈಗೆ ಹೋಯಿತು. ಇವನು ಆಟವನ್ನೇ ಬದಲಿಸಬೇಕಾಯಿತು.

ಬರೀ ಎಲೆಯ ವಿಷಯ ಅಲ್ಲ ಇದು. ಇಸ್ಪೀಟಾಟದ ಮಾತುಗಳನ್ನು ಸ್ವಲ್ಪ ಜೋಡಿಸಿ ನೋಡಿ. ಎಲೆ ಹಾಕು, ಎಲೆ ಎತ್ತು, ಕಲಸು. ಪಂಕ್ತಿಯಲ್ಲಿ ಕೂತವನಿಗೆ ಇದೆಲ್ಲ ಊಟದ ಮಾತೇ ಅಲ್ವಾ? ಹಸಿದವನ ಹತ್ತಿರ ‘ಚೆನ್ನಾಗಿ ಕಲಸಿ ಕೊಡಿ’ ಅಂದರೆ ಅವನ ಮನಸ್ಸು ಅನ್ನ ಸಾಂಬಾರಿಗೆ ಹೋಗುತ್ತದೆ. ಮಲಯಾಳದಲ್ಲಿ ಇಸ್ಪೀಟಿಗೆ ಕಶಕ್ಕುಗ ಅನ್ನುತ್ತಾರೆ, ಅನ್ನಕ್ಕೆ ಕುಳಯ್ಕ್ಕುಗ. ಎರಡೂ ಬೇರೆ. ನಮ್ಮಲ್ಲಿ ಎರಡಕ್ಕೂ ಒಂದೇ. ಇನ್ನು ‘ಕಟ್ಟನ್ನು ಕಟ್ ಮಾಡಿ’ ಅನ್ನುವುದನ್ನು ಜೋರಾಗಿ ಒಮ್ಮೆ ಹೇಳಿ ನೋಡಿ, ನಾಲಿಗೆಗೇ ಬೇಜಾರಾಗುತ್ತದೆ. ನಾನು ‘ಅರ್ಧ ಎತ್ತಿ ಈಚೆ ಇಡಿ’ ಅಂತ ಬರೆದಿದ್ದೇನೆ. ಉದ್ದವಾಯಿತು, ಆದರೆ ಹೇಳುವಾಗ ಕೈ ತೋರಿಸಿದರೆ ಸಾಕಾಗುತ್ತದೆ.

ಅಳಿಯ ಬೇಸತ್ತು ‘ಕಾರ್ಡ್’ ಅನ್ನಲು ಶುರು ಮಾಡಿದ. ನನಗದು ಹಿಡಿಸಲಿಲ್ಲ. ಹೋಟೆಲಿನಲ್ಲಿ ಕಾರ್ಡ್ ಅಂದರೆ ಜನರ ಕೈ ನೇರ ಪರ್ಸಿಗೆ ಹೋಗುತ್ತದೆ. ಮೊದಲ ಸಲ ‘ಇಸ್ಪೀಟ್ ಎಲೆ’ ಅಂತ ಪೂರ್ತಿ ಹೇಳಿ, ಆಮೇಲೆ ಎಲೆ ಅಂದರೆ ಸಾಕು ಅಂತ ನನ್ನ ಅಭಿಪ್ರಾಯ. ಹಾಗೆಯೇ ‘ಆರಿಸಿ’ ಬೇಡ, ‘ತೆಗೀರಿ’ ಇರಲಿ. ಆರಿಸಿ ಅಂದರೆ ಜನ ನಿಧಾನಿಸುತ್ತಾರೆ, ಒಂದೊಂದನ್ನೇ ಮುಟ್ಟಿ ನೋಡುತ್ತಾರೆ, ಇವನ ಬೆರಳುಗಳ ಮೇಲೆ ಕಣ್ಣಿಡುತ್ತಾರೆ. ತೆಗೀರಿ ಅಂದರೆ ಸುಮ್ನೆ ತೆಗೆಯುತ್ತಾರೆ. ಜಾದೂಗಾರನಿಗೆ ಈ ಎರಡು ಕ್ರಿಯಾಪದಗಳ ನಡುವೆ ಅನ್ನದ ಪ್ರಶ್ನೆಯೇ ಉಂಟು.

ಎರಡನೇ ತೊಡಕು ಗುರುತುಗಳ ಹೆಸರಿನದ್ದು. ನನ್ನ ತಲೆಮಾರಿನವರು ಇಸ್ಪೀಟು, ಆಟೀನು, ಕಳಾವರ್, ಡೈಮನ್ ಅನ್ನುತ್ತೇವೆ. ಈಗಿನ ಮಕ್ಕಳು ಸ್ಪೇಡ್, ಹಾರ್ಟ್, ಕ್ಲಬ್ಸ್ ಅನ್ನುತ್ತಾರೆ. ಆಟೀನು, ಕಳಾವರ್ ಎರಡೂ ಡಚ್ ಭಾಷೆಯ ಹಾರ್ಟನ್, ಕ್ಲಾವರನ್ ಪದಗಳ ಮಕ್ಕಳು. ತುರುಪು ಅನ್ನುವುದೂ ಅವರ ಟ್ರೂಫ್. 1663ರಲ್ಲಿ ಪೋರ್ಚುಗೀಸರಿಂದ ಕೊಚ್ಚಿಯನ್ನೂ ಕಣ್ಣೂರು ಕೋಟೆಯನ್ನೂ ಕಿತ್ತುಕೊಂಡ ಡಚ್ಚರು ಈ ಕರಾವಳಿಯಲ್ಲಿ ನೂರಕ್ಕೂ ಹೆಚ್ಚು ವರ್ಷ ಕೂತಿದ್ದರು. ಮೆಣಸಿನ ವ್ಯಾಪಾರದ ಜತೆ ಇಸ್ಪೀಟೂ ಬಂದಿರಬೇಕು. ಡಚ್ಚರು ಆಳಿದ ಸಿಂಹಳದಲ್ಲೂ ಹಾರತ, ಕಲಾಬರ ಅಂತಲೇ ಇದೆ. ಇಷ್ಟು ಹಳೆಯ ಸಂಸಾರ ಇರುವ ಪದಗಳನ್ನು ಬಿಟ್ಟುಕೊಡಲು ನನಗೆ ಮನಸ್ಸಿಲ್ಲ.

ಆದರೆ ಇಸ್ಪೀಟು ಅನ್ನುವ ಒಂದು ಪದ ಮಾತ್ರ ಕೈಕೊಡುತ್ತದೆ. ಅದು ಇಡೀ ಕಟ್ಟಿನ ಹೆಸರು, ಆಟದ ಹೆಸರು, ಕಟ್ಟಿನೊಳಗಿನ ಒಂದು ಗುರುತಿನ ಹೆಸರೂ ಹೌದು. ಮನಸ್ಸಿನಲ್ಲಿರುವ ಎಲೆಯನ್ನು ಹೇಳುವ ಆಟದಲ್ಲಿ ಹಂತ ಹಂತವಾಗಿ ಬಿಡಿಸುವುದು ಪದ್ಧತಿ. ಮೊದಲು ಬಣ್ಣ, ಆಮೇಲೆ ಗುರುತು, ಕೊನೆಗೆ ಅಂಕೆ. ಇವನು ಕಣ್ಣು ಮುಚ್ಚಿ, “ಕಪ್ಪು...” ಅಂದ. ಎದುರಿನವರು ಹೌದು ಅಂದರು. “ಇಸ್ಪೀಟು...” ಅಂದ. “ಇಸ್ಪೀಟಲ್ಲದೆ ಮತ್ತೆ ಚೆನ್ನೆಮಣೆಯಾ?” ಅಂತ ಪಕ್ಕದ ಟೇಬಲ್ಲಿನಿಂದ ಒಬ್ಬರು ಕೇಳಿದರು. ಬಾರಿನಲ್ಲಿ ಪಕ್ಕದ ಟೇಬಲ್ಲು ಯಾವಾಗಲೂ ಇರುತ್ತದೆ. ಈಗ ಇವನು ಆ ಒಂದು ಗುರುತಿಗೆ ಮಾತ್ರ ಸ್ಪೇಡ್ ಅನ್ನುತ್ತಾನೆ, ಉಳಿದ ಮೂರಕ್ಕೆ ಹಳೆಯ ಹೆಸರು. ಕಿವಿಗೆ ಸ್ವಲ್ಪ ಕಿರಿಕಿರಿ. ನಿಮ್ಮ ಕಡೆ ಕರಿ ಇಸ್ಪೀಟು ಅಂತಲೋ ಬೇರೆ ಏನಾದರೂ ಹೆಸರಿಟ್ಟೋ ಬೇರ್ಪಡಿಸುವ ರೂಢಿ ಉಂಟಾ?

ಎಕ್ಕ, ರಾಜ, ರಾಣಿ, ಗುಲಾಮ ಇವುಗಳಲ್ಲಿ ಜಗಳ ಇಲ್ಲ. ಆದರೆ ಗುಲಾಮನ ಬಗ್ಗೆ ಒಂದು ಮಾತು ಹೇಳಲೇಬೇಕು. ಹೊರಗಿನ ಜಾದೂ ಪಾಠಗಳಲ್ಲಿ ನಾಲ್ಕು ಎಕ್ಕಗಳನ್ನು ಹೊರಡಿಸುವುದೇ ದೊಡ್ಡ ಮುಗಿತಾಯ. ನಮ್ಮ ಕಡೆ ಎಕ್ಕಕ್ಕೆ ಅಷ್ಟು ಬೆಲೆ ಇಲ್ಲ. ಇಲ್ಲಿ ಎಲ್ಲರೂ ಆಡುವುದು ಇಪ್ಪತ್ತೆಂಟು. 32 ಎಲೆಯ ಆಟ, ಗುಲಾಮನಿಗೆ 3 ಅಂಕ, ಒಂಬತ್ತಕ್ಕೆ 2, ಎಕ್ಕಕ್ಕೂ ಹತ್ತಕ್ಕೂ ಒಂದೊಂದು. ಗುಲಾಮನನ್ನು ಮಲಯಾಳದವರು ಗುಲಾನ್ ಅನ್ನುತ್ತಾರೆ, ಗಡಿಯ ಈಚೆ ಕನ್ನಡದವರ ಬಾಯಲ್ಲೂ ಅದೇ ಬರುತ್ತದೆ. ಅಳಿಯ ನಾಲ್ಕು ಎಕ್ಕ ತೆಗೆದಾಗ ಜನ “ಆಯ್ತು, ಚೆನ್ನಾಗಿದೆ” ಅಂದಿದ್ದರು. ಅದೇ ಆಟದಲ್ಲಿ ನಾಲ್ಕು ಗುಲಾನ್ ಬಂದಾಗ ಒಬ್ಬ ಕುರ್ಚಿಯಿಂದ ಎದ್ದು ನಿಂತ. ಒಂದು ಕೈಯಲ್ಲಿ ನಾಲ್ಕು ಗುಲಾನ್ ಬರುವುದು ಇಪ್ಪತ್ತೆಂಟಿನವನ ಕನಸು.

ಇನ್ನು ಈ ಕಲೆಗೇ ಏನನ್ನಬೇಕು? ಒಂದು ಜಾಹೀರಾತಿಗಾಗಿ ಯಾರೋ ‘ಇಸ್ಪೀಟ್ ಹಸ್ತಲಾಘವ’ ಅಂತ ಸೂಚಿಸಿದ್ದರು. ಸಂಸ್ಕೃತದಲ್ಲಿ, ಮರಾಠಿಯಲ್ಲಿ ಅದಕ್ಕೆ ಕೈಯ ಚುರುಕು ಅಂತಲೇ ಅರ್ಥ. ಕನ್ನಡದಲ್ಲಿ ಮಾತ್ರ ಹಸ್ತಲಾಘವ ಅಂದರೆ ಕೈಕುಲುಕುವುದು. ಮುಖ್ಯಮಂತ್ರಿಗಳು ಮಾಡುವ ಕೆಲಸ ಅದು. ಕೈಚಳಕ ಸರಿಯಾದ ಪದ, ಆದರೆ ಪತ್ರಿಕೆಗಳು ಅದನ್ನು ಹಾಳು ಮಾಡಿವೆ. ‘ಬಸ್ಸಿನಲ್ಲಿ ಕಳ್ಳರ ಕೈಚಳಕ’, ‘ಜಾತ್ರೆಯಲ್ಲಿ ಕೈಚಳಕ ತೋರಿದ ಸರಗಳ್ಳರು’ ಅಂತ ಓದಿ ಓದಿ ಜನ ಆ ಪದ ಕೇಳಿದರೆ ಕಿಸೆ ಮುಟ್ಟಿ ನೋಡಿಕೊಳ್ಳುತ್ತಾರೆ. ಕಣ್ಕಟ್ಟು ಚೆಂದ, ಮಲಯಾಳದ ಕಣ್ಕೆಟ್ಟ್ ಜತೆ ಹೊಂದುತ್ತದೆ, ಎರಡೂ ಕಡೆಯವರಿಗೆ ತಿಳಿಯುತ್ತದೆ. ಯಕ್ಷಿಣಿ ಅನ್ನುವಂತಿಲ್ಲ. ಘಟ್ಟದ ಮೇಲೆ ಅದು ಜಾದೂ, ಇಲ್ಲಿ ಮಲಯಾಳದಲ್ಲಿ ಯಕ್ಷಿ ಅಂದರೆ ಪಾಲೆ ಮರದ ಮೇಲೆ ಕೂತಿರುವ ರಕ್ತ ಹೀರುವ ಹೆಂಗಸು. ರಾತ್ರಿ ಬಾರಿನಲ್ಲಿ ಹೇಳುವ ಮಾತಲ್ಲ ಅದು.

ಇದಕ್ಕೆಲ್ಲ ಒಂದು ವ್ಯಾವಹಾರಿಕ ಕಾರಣವೂ ಇದೆ. ಬೋರ್ಡಿನಲ್ಲಿ ‘ಇಸ್ಪೀಟ್’ ಅಂತ ಕಂಡರೆ ಹೋಟೆಲ್ ಮಾಲೀಕರಿಗೆ ಹೆದರಿಕೆ. ಇಲ್ಲಿನ ಪತ್ರಿಕೆಗಳಲ್ಲಿ ಪುಳ್ಳಿಮುರಿ ಅನ್ನುವ ಇಸ್ಪೀಟ್ ಜೂಜು ಆಡಿ ಸಿಕ್ಕಿಬಿದ್ದವರ ಸುದ್ದಿ ಬರುತ್ತಲೇ ಇರುತ್ತದೆ. ತಲಪಾಡಿಯ ಗಡಿ ದಾಟಿದರೆ ಅದೇ ಉಲಾಯಿ-ಪಿದಾಯಿ ಆಗುತ್ತದೆ, ಇನ್ನೂ ಮೇಲೆ ಹೋದರೆ ಅಂದರ್ ಬಾಹರ್. ಒಬ್ಬ ಮಾಲೀಕರು ಕಟ್ಟು ನೋಡಿದ ಕೂಡಲೇ, “ಕಾಯಿನ್, ಹಗ್ಗ ಏನಾದ್ರೂ ಮಾಡು, ಇದು ಬೇಡ” ಅಂದರಂತೆ. ರಮ್ಮಿ ಜಾಣ್ಮೆಯ ಆಟ ಅಂತ ಸುಪ್ರೀಂ ಕೋರ್ಟ್ 1967ರಲ್ಲೇ ಹೇಳಿದೆ. ಅದನ್ನು ಇವನು ಮಾಲೀಕರಿಗೆ ವಿವರಿಸಲು ಹೋದ. ಅವರು ಇನ್ನೂ ಗಾಬರಿಯಾದರು. ‘ಎಲೆಯ ಕಣ್ಕಟ್ಟು’ ಅಂತ ಬೋರ್ಡು ಬರೆದರೆ ಹೇಗೆ ಅಂತ ನನ್ನ ಯೋಚನೆ. ವೀಳ್ಯದೆಲೆ ಅಂತ ತಿಳಿಯುವವರು ಇದ್ದೇ ಇರುತ್ತಾರೆ, ಇರಲಿ.

ಕೊನೆಯದು, ನನಗೆ ನಿಜವಾಗಿ ಬೇಕಾದದ್ದು. ಅಳಿಯನಿಗೆ ಈಗ ಕಲಿಯಲು ಬರುವ ಹುಡುಗರು ಇದ್ದಾರೆ, ಕನ್ನಡ ಶಾಲೆಯವರು. ಅವರಿಗೆ ಹೇಳಿಕೊಡುವಾಗ ಒಳಗಿನ ಕೆಲಸಗಳಿಗೆ ಹೆಸರು ಬೇಕು. ಎಲೆಯನ್ನು ಅಂಗೈಯಲ್ಲಿ ಅಡಗಿಸುವುದಕ್ಕೆ ಮಲಯಾಳದಲ್ಲಿ ಕೈಯಡಕ್ಕಂ ಅನ್ನುವ ಮಾತಿದೆ. ಬಟ್ಟಲಿನಡಿ ಚೆಂಡು ಮಾಯ ಮಾಡುವ ಚೆಪ್ಪು-ಚೆಂಡಿನ ಆಟಕ್ಕೆ ಹೆಸರಾದ ಜಾದೂಗಾರ ವಾಳಕ್ಕುನ್ನಂ ನಂಬೂದಿರಿಯವರ ಬಗ್ಗೆ ಮಾತಾಡುವಾಗಲೆಲ್ಲ ಮಲಯಾಳದವರು ಈ ಪದ ತರುತ್ತಾರೆ. ಕನ್ನಡದಲ್ಲಿ ‘ಕೈಯಡಕ’ ಅಂದರೆ ನಿಮ್ಮ ಕಿವಿಗೆ ಹೇಗೆ ಕೇಳುತ್ತದೆ? ನನಗೆ ಬಹಳ ಇಷ್ಟ. ಬೆವರಿದ ಕೈಗೆ, ಪರೋಟದ ಎಣ್ಣೆ ಹತ್ತಿದ ಎಲೆಗೆ ಆ ಕೆಲಸ ಎಷ್ಟು ಕಷ್ಟ ಅಂತ ಹತ್ತಿರದಿಂದ ನೋಡಿದ್ದೇನೆ. ಗ್ಲಾಸಿನ ನೀರು ನಿಂತ ಟೇಬಲ್ಲಿನ ಮೇಲೆ ಇಟ್ಟ ಎಲೆ ಒಂದೇ ರಾತ್ರಿಗೆ ಉಬ್ಬಿ ಹೋಗುತ್ತದೆ. ಅದಕ್ಕೇ ಇವನು ದಪ್ಪ ಬಟ್ಟೆಯ ತುಂಡೊಂದನ್ನು ಜತೆಗೆ ಇಟ್ಟುಕೊಳ್ಳುತ್ತಾನೆ.

ನಡುವೆ ತೂರಿಸಿದ ಎಲೆ ಮತ್ತೆ ಮತ್ತೆ ಮೇಲಕ್ಕೆ ಬರುವ ಆಟ ಒಂದಿದೆ. 1922ರಲ್ಲಿ ಚಿಕಾಗೊದ ಒಂದು ಔತಣದಲ್ಲಿ ಇಸ್ಪೀಟ್ ಜಾದೂಗಾರ ಡೈ ವರ್ನನ್ ಇದನ್ನೇ ಹೆಸರಾಂತ ಜಾದೂಗಾರ ಹುಡಿನಿಗೆ ಮಾಡಿ ತೋರಿಸಿದ. ಯಾವ ಆಟವನ್ನಾದರೂ ಮೂರು ಸಲ ತೋರಿಸಿದರೆ ಗುಟ್ಟು ಹೇಳುತ್ತೇನೆ ಅನ್ನುತ್ತಿದ್ದ ಹುಡಿನಿಗೆ ಏಳು ಸಲ ನೋಡಿದರೂ ಹೊಳೆಯಲಿಲ್ಲ. ಹುಡುಗರಿಗೆ ನಾನು ಇದನ್ನು ಬೆಂಡಿನ ಆಟ ಅಂತ ಹೇಳಿಕೊಟ್ಟೆ, ಎಷ್ಟು ಒತ್ತಿದರೂ ಬೆಂಡು ನೀರಿನ ಮೇಲೆ ಬರುತ್ತದಲ್ಲ. ಅವರು ಅದನ್ನು ತಕ್ಷಣ ಹಿಡಿದುಕೊಂಡರು.

ಸಿಕ್ಕಿಬಿದ್ದದ್ದು ಒಂದರಲ್ಲಿ. ಜಾದೂಗಾರ ತನಗೆ ಬೇಕಾದ ಎಲೆಯನ್ನೇ ಎದುರಿನವನು ತೆಗೆಯುವ ಹಾಗೆ ಮಾಡುತ್ತಾನೆ, ಅವನಿಗೆ ಮಾತ್ರ ತಾನೇ ಇಷ್ಟಪಟ್ಟು ತೆಗೆದ ಹಾಗೆ ಅನಿಸಬೇಕು. ಇಂಗ್ಲಿಷಿನಲ್ಲಿ ಫೋರ್ಸ್ ಅನ್ನುತ್ತಾರೆ. ಒತ್ತಾಯ, ಹೇರಿಕೆ ಎರಡೂ ತಪ್ಪು. ಒತ್ತಾಯ ಗೊತ್ತಾಗುತ್ತದೆ, ಇದು ಗೊತ್ತಾಗಬಾರದು. ನನಗೆ ಹೊಳೆದದ್ದು ‘ತಲೆಗೆ ಕಟ್ಟುವುದು’. ಮಾರಾಟವಾಗದ ಸೀರೆಯನ್ನು ಅಂಗಡಿಯವನು ನಯವಾಗಿ ತಲೆಗೆ ಕಟ್ಟುತ್ತಾನಲ್ಲ, ಕೊಂಡವರು ಖುಷಿಯಲ್ಲೇ ಮನೆಗೆ ಬರುತ್ತಾರೆ. ‘ರಾಣಿಯನ್ನು ಅವರ ತಲೆಗೆ ಕಟ್ಟು’ ಅಂದರೆ ಹುಡುಗನಿಗೆ ಏನು ಮಾಡಬೇಕು ಅಂತ ಗೊತ್ತಾಗುತ್ತದೆ. ಗೆಳೆಯರೊಬ್ಬರು ಇದು ಮೋಸಗಾರರ ಭಾಷೆ, ಕಲೆಗೆ ಒಪ್ಪುವುದಿಲ್ಲ ಅಂದರು. ನನಗೆ ಹಾಗೆ ಅನಿಸುವುದಿಲ್ಲ. 1902ರಲ್ಲಿ ಅಮೆರಿಕದಲ್ಲಿ ಎಸ್. ಡಬ್ಲ್ಯೂ. ಅರ್ಡ್‌ನೇಸ್ ಅನ್ನುವ ಸುಳ್ಳು ಹೆಸರಿನಲ್ಲಿ ಬಂದ ಪುಸ್ತಕವನ್ನು ಇಸ್ಪೀಟ್ ಜಾದೂಗಾರರು ಇವತ್ತಿಗೂ ಓದುತ್ತಾರೆ. ಅದರ ಮೊದಲ ಭಾಗವೆಲ್ಲ ಜೂಜಿನ ಟೇಬಲ್ಲಿನ ಮೋಸ, ಜಾದೂ ಬರುವುದು ಆಮೇಲೆ. ಅವರೇ ಜೂಜುಕೋರರ ಮಾತನ್ನು ನಾಚಿಕೆಯಿಲ್ಲದೆ ತೆಗೆದುಕೊಂಡಿರುವಾಗ ನಾವು ಯಾಕೆ ಸಂಸ್ಕೃತದ ಪಂಚೆ ಉಡಿಸಬೇಕು?

ಕಾಸರಗೋಡಿನ ಹಾಗೆ ಕರ್ನಾಟಕದ ಹೊರಗೆ ಇರುವ ಬೇರೆ ಕನ್ನಡದ ಊರುಗಳಲ್ಲಿ ಹೇಗೋ ತಿಳಿಯಬೇಕು. ಅಕ್ಕಲಕೋಟೆ, ಜತ್ತ ಕಡೆಯವರು, ಆದೋನಿಯವರು, ಹೊಸೂರು, ತಾಳವಾಡಿಯವರು ಇದ್ದರೆ ದಯವಿಟ್ಟು ಹೇಳಿ. ನಿಮ್ಮಲ್ಲಿ ಇಸ್ಪೀಟಾಡುವವರು ಕಲಸುವುದಕ್ಕೆ, ಅರ್ಧ ಎತ್ತಿ ಇಡುವುದಕ್ಕೆ ಏನನ್ನುತ್ತಾರೆ? ಮರಾಠಿಯ ಪಿಸಣೆ ನಿಮ್ಮ ಕನ್ನಡಕ್ಕೆ ಇಳಿದಿದೆಯಾ? ಎದುರಿನವನಿಗೆ ತಿಳಿಯದ ಹಾಗೆ ಬೇಡದ ಎಲೆ ದಾಟಿಸುವ ಕಳ್ಳಾಟಕ್ಕೆ ನಿಮ್ಮ ಊರಿನ ಆಟಗಾರರಲ್ಲಿ ಹೆಸರಿದ್ದರೆ ಅದು ನನಗೆ ಎಲ್ಲಕ್ಕಿಂತ ಮೊದಲು ಬೇಕು. ಬೈಗುಳದ ಹಾಗಿದ್ದರೂ ಪರವಾಗಿಲ್ಲ, ಹಾಗೇ ಬರೆಯಿರಿ.