ಹ್ಯಾಂಡಲ್ ತಗ್ಗಿಸಿದೆ, ವೇಗ ಏರಲಿಲ್ಲ: 180 ಕಿ.ಮೀ.ಗೆ ಸೈಕಲ್ ಫಿಟ್ ಹೇಗಿರಬೇಕು?

ನಿಧಾನಸ್ಥ:

ಎಲ್ಲರಿಗೂ ನಮಸ್ಕಾರ. ಫುಲ್ ಡಿಸ್ಟೆನ್ಸ್ ಟ್ರಯಾಥ್ಲಾನ್ ಎರಡು ಸಲ ಮುಗಿಸಿದ್ದೇನೆ. ಈಜು ಪರವಾಗಿಲ್ಲ. ಓಟವನ್ನು ಹೇಗೋ ಎಳೆದುಕೊಂಡು ಹೋಗುತ್ತೇನೆ. ಕೈ ಕೊಡುವುದು ನಡುವಿನ 180 ಕಿ.ಮೀ. ಸೈಕಲ್. ಎರಡೂ ಸಲ 6 ಗಂಟೆ 20 ನಿಮಿಷದ ಆಸುಪಾಸು. ತಮಾಷೆ ಅಂದ್ರೆ, ಎರಡನೇ ಸಲ ಪವರ್ ಮೀಟರ್ ಪ್ರಕಾರ 12 ವ್ಯಾಟ್ ಜಾಸ್ತಿ ತುಳಿದಿದ್ದೆ. ಸಮಯ ಮಾತ್ರ ಅಷ್ಟೇ. ಆ 12 ವ್ಯಾಟ್ ಎಲ್ಲಿಗೆ ಹೋಯಿತು?

ಎರಡು ರೇಸ್‌ಗಳ ನಡುವೆ ಸೈಕಲ್ಲಿನಲ್ಲಿ ಬದಲಾಯಿಸಿದ್ದು ಒಂದೇ. ಏರೋಬಾರ್‌ನ (ಮುಂದಕ್ಕೆ ಬಾಗಿ ಮುಂಗೈ ಊರುವ ಹ್ಯಾಂಡಲ್) ಮೊಣಕೈ ಪ್ಯಾಡ್‌ಗಳ ಕೆಳಗಿದ್ದ 4 ಸೆಂ.ಮೀ. ಸ್ಪೇಸರ್‌ಗಳನ್ನೆಲ್ಲ (ಎತ್ತರಿಸುವ ಬಿಲ್ಲೆಗಳು) ಬಿಚ್ಚಿ ಡಬ್ಬಿಗೆ ಹಾಕಿದೆ. ಬಗ್ಗಿದಷ್ಟೂ ಗಾಳಿ ಕಮ್ಮಿ ಅಲ್ವಾ ಅನ್ನುವ ಲೆಕ್ಕ. ಮೊದಲ 40 ಕಿ.ಮೀ. ಹಾರಿದೆ. ಆಮೇಲೆ ಕುತ್ತಿಗೆ ಹಿಡಿಯಿತು. ಕೆಳಗೆ ಜೋಮು ಹಿಡಿಯಿತು, ಎಲ್ಲಿ ಅಂತ ಬಿಡಿಸಿ ಹೇಳಬೇಕಿಲ್ಲ. ಐದು ನಿಮಿಷಕ್ಕೊಮ್ಮೆ ಬೇಸ್ ಬಾರ್ (ಬದಿಯ ಹ್ಯಾಂಡಲ್) ಹಿಡಿದು ಎದ್ದು ಕೂರುತ್ತಿದ್ದೆ. ಓಟಕ್ಕೆ ಇಳಿದಾಗ ತೊಡೆಸಂದು ಎಷ್ಟು ಬಿಗಿದಿತ್ತು ಅಂದ್ರೆ, ಮೊದಲ 5 ಕಿ.ಮೀ. ಕುರ್ಚಿಯಲ್ಲಿ ಕೂತ ಭಂಗಿಯಲ್ಲೇ ಓಡಿದೆ.

ಸೈಕಲ್ ಟ್ರಯಾಥ್ಲಾನ್‌ದೇ. ಕ್ರ್ಯಾಂಕ್ (ಪೆಡಲ್ ಕೂರಿಸುವ ತೋಳು) 172.5 ಮಿ.ಮೀ. ಬಾಟಮ್ ಬ್ರ್ಯಾಕೆಟ್‌ನಿಂದ (ಕ್ರ್ಯಾಂಕ್ ತಿರುಗುವ ಅಚ್ಚು) ಸೀಟಿಗೆ 72 ಸೆಂ.ಮೀ. ಸೀಟು ಹಳೆಯ ರೋಡ್ ಸೈಕಲ್ಲಿನಲ್ಲಿದ್ದಷ್ಟೇ ಹಿಂದೆ ಇದೆ. ಹಳೆಯ ಅಳತೆಯನ್ನೇ ಇದಕ್ಕೂ ಇಟ್ಟುಕೊಂಡೆ. ಒಮ್ಮೆ ದುಡ್ಡು ಕೊಟ್ಟು ಫಿಟ್ (ಮೈಗೆ ತಕ್ಕ ಹಾಗೆ ಸೈಕಲ್ ಅಳತೆ ಹೊಂದಿಸುವುದು) ಕೂಡ ಮಾಡಿಸಿದೆ. ಅವರು ಇಪ್ಪತ್ತು ನಿಮಿಷದಲ್ಲಿ ಮೊಣಕಾಲಿನ ಕೋನ ಅಳೆದು, "ಎಲ್ಲ ಸರಿ ಇದೆ ಸರ್" ಅಂದು ಕಳಿಸಿಬಿಟ್ಟರು. ಈಗ ಹೊಸ ಚಕ್ರ ತೆಗೆದುಕೊಳ್ಳುವುದಾ, ಮತ್ತೆ ಫಿಟ್ ಹಿಂದೆ ಬೀಳುವುದಾ?

ಎದುರುಗಾಳಿ:

ಚಕ್ರಕ್ಕೆ ದುಡ್ಡು ಹಾಕಬೇಡಿ, ತಡೀರಿ. 12 ವ್ಯಾಟ್ ಎಲ್ಲಿ ಹೋಯಿತು ಅಂತ ನೀವೇ ಬರೆದಿದ್ದೀರಲ್ಲ. ಐದು ನಿಮಿಷಕ್ಕೊಮ್ಮೆ ಎದ್ದು ಕೂತಿರಿ, ಅಲ್ಲಿ ಹೋಯಿತು.

ಒಂದು ಸಣ್ಣ ಲೆಕ್ಕ ಹಾಕೋಣ. ಗಾಳಿಗೆ ನಾವು ಒಡ್ಡುವ ಮೈಯ ಅಗಲ, ಅದರ ಆಕಾರ ಎರಡನ್ನೂ ಸೇರಿಸಿ ಸಿಡಿಎ ಅನ್ನುತ್ತಾರೆ. ಸಮತಟ್ಟು ರಸ್ತೆ, ಗಾಳಿ ಬೀಸುತ್ತಿಲ್ಲ, ಸೈಕಲ್ ಸೇರಿ ತೂಕ 80 ಕಿಲೋ ಅಂದುಕೊಳ್ಳಿ. ಗಂಟೆಗೆ 30 ಕಿ.ಮೀ. ಹೋಗಲು, ಸಿಡಿಎ 0.35 ಇದ್ದರೆ ಸುಮಾರು 154 ವ್ಯಾಟ್ ಬೇಕು. ಅದರಲ್ಲಿ 121 ಗಾಳಿಯನ್ನು ತಳ್ಳುವುದಕ್ಕೇ ಹೋಗುತ್ತದೆ, ಉಳಿದ 33 ಟೈರಿಗೆ. ಈಗ ಅದೇ 154 ವ್ಯಾಟ್ ತುಳಿಯಿರಿ, ಸಿಡಿಎ 0.30ಕ್ಕೆ ಇಳಿಸಿ. ವೇಗ 31.4 ಆಗುತ್ತದೆ. 180 ಕಿ.ಮೀ.ಗೆ 6 ಗಂಟೆ ಹಿಡಿಯುತ್ತಿದ್ದದ್ದು 5 ಗಂಟೆ 44 ನಿಮಿಷಕ್ಕೆ ಮುಗಿಯುತ್ತದೆ. ಒಂದು ವ್ಯಾಟ್ ಕೂಡ ಹೆಚ್ಚು ತುಳಿಯದೆ!

ಆದರೆ ಇದು ಕದಲದೆ ಕೂತವರ ಲೆಕ್ಕ. ನೀವು ಪ್ಯಾಡ್ ತಳಕ್ಕಿಳಿಸಿ 0.28 ಸಾಧಿಸಿದಿರಿ ಅಂತಲೇ ಇಟ್ಟುಕೊಳ್ಳೋಣ. ಮೂರರಲ್ಲೊಂದು ಪಾಲು ಹೊತ್ತು ಎದ್ದು ಕೂತು 0.38 ಮಾಡಿಕೊಂಡರೆ ಸರಾಸರಿ 0.31ಕ್ಕೆ ಬಂತು. ಇನ್ನು ಮುಂದಿನವರ ಬೆನ್ನಿಗೆ ಅಂಟಿಕೊಂಡು ಗಾಳಿ ತಪ್ಪಿಸಿಕೊಳ್ಳೋಣ ಅಂದ್ರೆ ಅದಕ್ಕೂ ದಾರಿಯಿಲ್ಲ. ಐರನ್‌ಮ್ಯಾನ್ ರೇಸ್‌ಗಳಲ್ಲಿ ನಮ್ಮಂಥ ಏಜ್ ಗ್ರೂಪ್‌ನವರು (ವೃತ್ತಿಪರರಲ್ಲದವರು) 12 ಮೀಟರ್ ಅಂತರ ಬಿಡಲೇಬೇಕು.

ನಾನೂ ಇದೇ ಗುಂಡಿಗೆ ಬಿದ್ದವನು. ಎಚ್ಚರ ಆಗಿದ್ದು ಒಂದು ವಿಡಿಯೋ ನೋಡಿ. ಸೈಕಲ್ಲನ್ನು ಟ್ರೈನರ್ (ನಿಂತಲ್ಲೇ ತುಳಿಯುವ ಸ್ಟ್ಯಾಂಡ್) ಮೇಲೆ ಹಾಕಿ, ಫೋನನ್ನು ಪಕ್ಕದಲ್ಲಿ ಸೊಂಟದ ಎತ್ತರಕ್ಕೆ ನಿಲ್ಲಿಸಿ. ರೇಸಿನ ವ್ಯಾಟ್‌ನಲ್ಲೇ 40 ನಿಮಿಷ ತುಳಿದ ಮೇಲೆ ರೆಕಾರ್ಡ್ ಮಾಡಿ. ಮೊದಲ ಎರಡು ನಿಮಿಷ ಎಲ್ಲರೂ ಫೋಟೋಗೆ ಕೂತ ಹಾಗೆ ಚೆನ್ನಾಗಿಯೇ ಕೂರುತ್ತಾರೆ. ನನ್ನದನ್ನು ಸ್ಲೋ ಮೋಷನ್‌ನಲ್ಲಿ ನೋಡಿ ನಾಚಿಕೆ ಆಯಿತು. ಇಂಚಿಂಚೇ ಜಾರಿಕೊಂಡು ಸೀಟಿನ ಮೂತಿಗೆ ಬರುತ್ತಿದ್ದೆ. ಆಮೇಲೆ ಕುಂಡಿ ಎತ್ತಿ ಹಿಂದಕ್ಕೆ. ಮತ್ತೆ ಮುಂದಕ್ಕೆ. ನಿಮಿಷಕ್ಕೆ ನಾಲ್ಕು ಸಲ! ಎದುರಿನಿಂದ ತೆಗೆದ ವಿಡಿಯೋದಲ್ಲಿ, ಪೆಡಲ್ ಮೇಲೆ ಬಂದಾಗಲೆಲ್ಲ ಬಲ ಮೊಣಕಾಲು ಹೊರಗೆ ಚಿಮ್ಮುತ್ತಿತ್ತು. ತೊಡೆಗೆ ಹೊಟ್ಟೆ ಅಡ್ಡ ಬರುತ್ತಿತ್ತು, ಪಾಪ ಅದು ಇನ್ನೆಲ್ಲಿಗೆ ಹೋಗಬೇಕು?

ಮೈ ಮುಂದೆ ಹೋಗಲು ನೋಡುತ್ತಿತ್ತು, ಸೀಟು ಬಿಡುತ್ತಿರಲಿಲ್ಲ. ಬಾಟಮ್ ಬ್ರ್ಯಾಕೆಟನ್ನು ನೆಲಕ್ಕೆ ಹೊಡೆದ ಗೂಟ ಅಂದುಕೊಳ್ಳಿ. ಇಡೀ ಮೈ ಆ ಗೂಟದ ಸುತ್ತ ಮುಂದಕ್ಕೆ ತಿರುಗಬೇಕು. ಆಗ ಬೆನ್ನು ತಗ್ಗುತ್ತದೆ, ತೊಡೆಗೂ ಹೊಟ್ಟೆಗೂ ನಡುವಿನ ಕೋನ ಮಾತ್ರ ಮೊದಲಿನಷ್ಟೇ ಉಳಿಯುತ್ತದೆ. ರೋಡ್ ಸೈಕಲ್ಲಿನ ಸೀಟ್ ಟ್ಯೂಬ್ (ಸೀಟಿನ ಕೆಳಗಿನ ಕೊಳವೆ) 73 ಡಿಗ್ರಿ ಆಸುಪಾಸು ಇದ್ದರೆ, ಟ್ರಯಾಥ್ಲಾನ್ ಸೈಕಲ್ಲಿನದು 76ರಿಂದ 80ರವರೆಗೆ ನೆಟ್ಟಗಿರುವುದು ಇದಕ್ಕೇ. ನೀವು ಸೀಟನ್ನು ರೋಡ್ ಸೈಕಲ್ಲಿನ ಜಾಗದಲ್ಲೇ ಬಿಟ್ಟು ಮುಂಭಾಗ ಮಾತ್ರ ಇಳಿಸಿದಿರಿ. ಸೊಂಟದಲ್ಲಿ ಮಡಚಿಹೋದಿರಿ. ಓಟದಲ್ಲಿ ತೊಡೆಸಂದು ಬಿಗಿದದ್ದೂ ಅದರಿಂದಲೇ ಇರಬೇಕು.

ಹಾಗಾಗಿ ಮೊದಲು ಸೀಟು. 3 ಸೆಂ.ಮೀ. ಮುಂದಕ್ಕೆ ತನ್ನಿ. ಮುಂದೆ ತಂದಾಗ ಪೆಡಲಿಗೆ ದೂರ ಕಮ್ಮಿ ಆಗುತ್ತದೆ, ಅದಕ್ಕೆ ಸುಮಾರು 8 ಮಿ.ಮೀ. ಎತ್ತರಿಸಿ. ಇದನ್ನು ಮರೆತವರೇ ಆಮೇಲೆ ಮೊಣಕಾಲು ನೋವು ಅಂತ ಬರೆಯುತ್ತಾರೆ. ಪ್ಯಾಡ್‌ಗಳನ್ನೂ ಅಷ್ಟೇ ಮುಂದಕ್ಕೆ ತಳ್ಳಿ, ಡಬ್ಬಿಯಿಂದ 2 ಸೆಂ.ಮೀ. ಸ್ಪೇಸರ್ ವಾಪಸ್ ಹಾಕಿ. ಮುಜುಗರ ಬೇಡ.

ಸಾಧ್ಯವಾದರೆ ಕ್ರ್ಯಾಂಕ್ 165ಕ್ಕೆ ಇಳಿಸಿ. 7.5 ಮಿ.ಮೀ. ಗಿಡ್ಡ ಆದರೆ ಸೀಟನ್ನು ಅಷ್ಟು ಎತ್ತರಿಸುತ್ತೀರಿ, ಪೆಡಲ್ ಮೇಲಿನ ತುದಿಯೂ ಅಷ್ಟು ತಗ್ಗುತ್ತದೆ. ಒಟ್ಟು 15 ಮಿ.ಮೀ. ಜಾಗ ತೊಡೆಗೆ ಸಿಗುತ್ತದೆ. ನನ್ನ ಮೊಣಕಾಲು ಚಿಮ್ಮುವುದು ನಿಂತದ್ದು ಇದಾದ ಮೇಲೆ.

ಸವೆದಟೈರ್:

ಮೇಲಿನವರು ಹೇಳಿದ್ದೆಲ್ಲ ಒಪ್ಪುತ್ತೇನೆ. ಗಿಡ್ಡ ಕ್ರ್ಯಾಂಕ್ ಅಂದ ಕೂಡಲೇ "ಪವರ್ ಹೋಗುತ್ತದೆ" ಅಂತ ಯಾರಾದರೂ ಬಂದೇ ಬರುತ್ತಾರೆ, ಅವರಿಗೆ ಮುಂಚೆಯೇ ಹೇಳಿಬಿಡುತ್ತೇನೆ. 2001ರಲ್ಲಿ ಮಾರ್ಟಿನ್ ಮತ್ತು ಸ್ಪಿರ್ಡೂಸೊ 120ರಿಂದ 220 ಮಿ.ಮೀ.ವರೆಗಿನ ಕ್ರ್ಯಾಂಕ್‌ಗಳಲ್ಲಿ ಗರಿಷ್ಠ ಪವರ್ ಅಳೆದರು. ಅತಿ ಹೆಚ್ಚಿಗೂ ಅತಿ ಕಮ್ಮಿಗೂ ವ್ಯತ್ಯಾಸ ಶೇ. 4ರಷ್ಟೇ. ನಮ್ಮದು 172.5 ಮತ್ತು 165ರ ಜಗಳ. ಬಿಡಿ. ಏರು ದಾರಿಯಲ್ಲಿ ಗೇರ್ ಸ್ವಲ್ಪ ಭಾರ ಅನ್ನಿಸುತ್ತದೆ, ಒಂದು ಹಗುರ ಗೇರಿಗೆ ಬಂದು ಕಾಲು ಬೇಗ ಆಡಿಸಿದರೆ ಆಯಿತು.

ಮತ್ತೆ, ಪಟಪಟ ಹಾರಾಡುವ ಟಾಪ್ ಹಾಕಿಕೊಂಡು ಫಿಟ್ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಮೈಗೆ ಅಂಟುವ ಸೂಟ್, ಒಳ್ಳೆ ಟೈರ್, ಎರಡು ಕೈಗಳ ನಡುವೆ ಒಂದು ನೀರಿನ ಬಾಟ್ಲಿ. ಬಾಟ್ಲಿ ಅಲ್ಲಿದ್ದರೆ ಕುಡಿಯಲು ಎದ್ದು ಕೂರುವುದೂ ತಪ್ಪುತ್ತದೆ.

ಮೂರನೇಬಾಟ್ಲಿ:

ಜೋಮು ಹಿಡಿದದ್ದನ್ನು ನಕ್ಕು ಬಿಡಬೇಡಿ. ಅದು ನರ ಮತ್ತು ರಕ್ತನಾಳದ ಮೇಲೆ ಬೀಳುವ ಒತ್ತಡ. ಏರೋಬಾರ್ ಮೇಲೆ ಮಲಗಿದಾಗ ಸೊಂಟ ಮುಂದಕ್ಕೆ ವಾಲುತ್ತದೆ, ಕೂರುವ ಮೂಳೆಗಳ ಮೇಲಿದ್ದ ಭಾರ ಮುಂದಿನ ಮೆತ್ತನೆ ಭಾಗಕ್ಕೆ ಬರುತ್ತದೆ. ಸೀಟು ಮುಂದೆ ತಂದರೆ ಇದು ಇನ್ನೂ ಜಾಸ್ತಿ ಆಗಬಹುದು, ಎದುರುಗಾಳಿಯವರು ಅದನ್ನು ಹೇಳಲಿಲ್ಲ. ಮೂತಿ ಸೀಳಿರುವ ಗಿಡ್ಡ ಸೀಟುಗಳು ಬರುತ್ತವೆ, ಎರಡು ಮೂರು ಬಗೆಯದನ್ನು ಗೆಳೆಯರಿಂದ ಎರವಲು ತಂದು ನೋಡಿ. ಒಬ್ಬರಿಗೆ ಹೂವಾದದ್ದು ಇನ್ನೊಬ್ಬರಿಗೆ ಮುಳ್ಳು. ನನಗೆ ನಾಲ್ಕನೆಯದು ಹೊಂದಿತು. ಸೀಟಿನ ಮೂತಿಯನ್ನು ತೀರಾ ಕೆಳಕ್ಕೆ ಬಗ್ಗಿಸಬೇಡಿ, ಜಾರಿ ಜಾರಿ ಭಾರವೆಲ್ಲ ಭುಜಕ್ಕೆ ಬೀಳುತ್ತದೆ.

ಕುತ್ತಿಗೆಗೆ: ಏರೋಬಾರ್ ಕೋಲುಗಳನ್ನು 10-15 ಡಿಗ್ರಿ ಮೇಲಕ್ಕೆ ಎತ್ತಿ. ಮುಂಗೈ ತೊಟ್ಟಿಲಿನ ಹಾಗೆ ಪ್ಯಾಡಿನಲ್ಲಿ ಕೂರಬೇಕು, ಕೈ ಯಾವುದನ್ನೂ ಹಿಂಡಬಾರದು. ಪ್ಯಾಡ್ ನಡುವಿನ ಅಂತರವನ್ನೂ ಸ್ವಲ್ಪ ಅಗಲಿಸಿ ನೋಡಿ. ತಲೆ ಎತ್ತದೆ ರಸ್ತೆ ಕಾಣುವುದಿಲ್ಲ ಅನ್ನುವಂತಿದ್ದರೆ ಆ ಭಂಗಿಯೇ ಬೇಡ. ನೆಲ ನೋಡಿಕೊಂಡು ಸೈಕಲ್ ಓಡಿಸುವವರನ್ನು ಕಂಡರೆ ನನಗೆ ಭಯ.

ನಿಧಾನಸ್ಥ:

ಏಳು ವಾರ ಆಯಿತು, ವರದಿ ಒಪ್ಪಿಸುತ್ತಿದ್ದೇನೆ. ವಿಡಿಯೋ ತೆಗೆದೆ. ಎದುರುಗಾಳಿಯವರೇ, ನೀವು ನಾಲ್ಕು ಸಲ ಅಂದಿರಿ. ನಾನು ನಿಮಿಷಕ್ಕೆ ಆರು ಸಲ ಜಾರುತ್ತಿದ್ದೆ. ಮನೆಯವರು ನೋಡಿ, "ಇದೇನು, ಇರುವೆ ಕಚ್ಚಿತಾ?" ಅಂದರು.

ಸೀಟು 3 ಸೆಂ.ಮೀ. ಮುಂದೆ ಬಂತು. ಕ್ರ್ಯಾಂಕ್ 165 ಹಾಕಿಸಿದೆ. ಸ್ಪೇಸರ್ 2 ಸೆಂ.ಮೀ. ವಾಪಸ್, ಆಮೇಲೆ ಕುತ್ತಿಗೆಗೆ ಅಂತ ಇನ್ನೊಂದು 5 ಮಿ.ಮೀ. ಸೀಳು ಮೂತಿಯ ಸೀಟು ಎರಡನೆಯದೇ ಒಗ್ಗಿತು.

ಪರೀಕ್ಷೆ ಹೀಗೆ ಮಾಡಿದೆ. ಅದೇ 90 ಕಿ.ಮೀ. ದಾರಿ, ಅದೇ 150 ವ್ಯಾಟ್, ಅದೇ ಸೂಟ್, ಬೆಳಗಿನ ಅದೇ ಹೊತ್ತು. ಎದ್ದು ಕೂತಾಗ ಲ್ಯಾಪ್ ಬಟನ್ ಒತ್ತುವುದು, ಮತ್ತೆ ಬಗ್ಗಿದಾಗ ಒತ್ತುವುದು. ಹಳೆ ಭಂಗಿಯಲ್ಲಿ 3 ಗಂಟೆ 8 ನಿಮಿಷ, ಅದರಲ್ಲಿ ಎದ್ದು ಕೂತದ್ದು 41 ನಿಮಿಷ! ಹೊಸದರಲ್ಲಿ 2 ಗಂಟೆ 59, ಎದ್ದದ್ದು 7 ನಿಮಿಷ, ಅದೂ ತಿರುವು ಮತ್ತು ಇಳಿಜಾರಿನಲ್ಲಿ. ಗಾಳಿ ಎರಡೂ ದಿನ ಒಂದೇ ಥರ ಇರಲಿಲ್ಲ ಅಂತ ನೀವು ಹೇಳುತ್ತೀರಿ, ಗೊತ್ತು. ಅದಕ್ಕೇ ಹೊಸದನ್ನು ಎರಡು ಸಲ ಮಾಡಿದೆ. ಎರಡನೇ ಸಲ 3 ಗಂಟೆ 1 ನಿಮಿಷ. ಇಳಿದ ಕೂಡಲೇ 8 ಕಿ.ಮೀ. ಓಡಿದೆ, ಸೊಂಟ ನೆಟ್ಟಗೇ ಇತ್ತು.

ಕೊನೆಯ 15 ಕಿ.ಮೀ.ನಲ್ಲಿ ಕುತ್ತಿಗೆ ಇನ್ನೂ ಸ್ವಲ್ಪ ಹಿಡಿಯುತ್ತದೆ. ಪ್ಯಾಡ್ ಇನ್ನೂ ಎತ್ತರಿಸಲಾ?

ಎದುರುಗಾಳಿ:

ಇನ್ನು ಎತ್ತರ ಮುಟ್ಟಬೇಡಿ. ಪ್ಯಾಡ್ ಅಗಲ ಮಾತ್ರ ಆ ಕಡೆ ಒಂದು, ಈ ಕಡೆ ಒಂದು ಸೆಂ.ಮೀ. ಹೆಚ್ಚಿಸಿ ಎರಡು ವಾರ ಓಡಿಸಿ. ಒಂದು ಸಲಕ್ಕೆ ಒಂದೇ ಬೋಲ್ಟ್. ಈಗಿರುವ ಸೀಟಿನ ಎತ್ತರಕ್ಕೆ ಗುರುತು ಹಾಕಿದ್ದೀರಾ? ಸೀಟ್ ಪೋಸ್ಟ್ ಸುತ್ತ ಕರೆಂಟ್ ಟೇಪ್ ಒಂದು ಸುತ್ತು ಸುತ್ತಿಬಿಡಿ.

ನಿಧಾನಸ್ಥ:

ನಿನ್ನೆ ಟೇಪ್ ಸುತ್ತಿದೆ. ಇವತ್ತು 60 ಕಿ.ಮೀ. ಮುಗಿಸಿ ಬಂದು ನೋಡಿದರೆ ಟೇಪ್ ಮೇಲಕ್ಕೆ ಮುದುಡಿಕೊಂಡಿದೆ, ಪೋಸ್ಟ್ 4 ಮಿ.ಮೀ. ಒಳಗೆ ಇಳಿದಿದೆ. ಕ್ಲ್ಯಾಂಪ್ ಬೋಲ್ಟ್ ನಾನೇ ಸರಿಯಾಗಿ ಬಿಗಿಸಿರಲಿಲ್ಲ. ಆ 3 ಗಂಟೆ 1 ನಿಮಿಷದ ದಿನವೂ ಇಳಿದಿತ್ತೇನೋ! ಟಾರ್ಕ್ ಕೀ ತಂದು ಮತ್ತೆ ಅಳೆದು ಕೂರಿಸುತ್ತೇನೆ, ಪ್ಯಾಡ್ ಅಗಲ ಮುಂದಿನ ವಾರಕ್ಕೆ.