ಕು ಕ್ಲಕ್ಸ್ ಕ್ಲಾನ್: ಒಂದೇ ಸಂಘಟನೆಯೇ, ಮೂರೇ?

ಗಂಗೋತ್ರಿ ವಿದ್ಯಾರ್ಥಿ:
ಮುಂದಿನ ವಾರ ಮಾನಸಗಂಗೋತ್ರಿಯಲ್ಲಿ ಸೆಮಿನಾರ್ ಇದೆ. ಅಮೆರಿಕದಲ್ಲಿ ಬಿಳಿಯರ ಮೇಲುಗೈಗಾಗಿ ಹಿಂಸೆ ನಡೆಸಿದ ಕು ಕ್ಲಕ್ಸ್ ಕ್ಲಾನ್ 1865ರಲ್ಲಿ ಹುಟ್ಟಿ 1960ರ ದಶಕದವರೆಗೂ ಸತತವಾಗಿ ನಡೆದುಬಂತು ಅಂತ ಬರೆದರೆ ಸರಿಯೇ?

ಮಂಡ್ಯ ಮೇಷ್ಟ್ರು:
ಹಾಗೆ ಬರೆಯಬೇಡಿ, ಎಲ್ಲರೂ ಎಡವೋದು ಅಲ್ಲೇ. ಒಂದೇ ಹೆಸರಿನಲ್ಲಿ ಬೇರೆ ಬೇರೆ ಕಾಲದಲ್ಲಿ ಮೂರು ಕ್ಲಾನ್‌ಗಳು ಬಂದವು. ಟೆನೆಸ್ಸಿಯ ಪುಲಾಸ್ಕಿಯಲ್ಲಿ ಮೊದಲ ಕ್ಲಾನ್ ಕಟ್ಟಿದವರು ಅಮೆರಿಕದ ಅಂತರ್ಯುದ್ಧದಲ್ಲಿ ಸೋತ ದಕ್ಷಿಣದ ಮಾಜಿ ಸೈನಿಕರು. ಕಪ್ಪು ಜನ ಮತ ಹಾಕಬಾರದು ಅಂತ ರಾತ್ರಿ ಮನೆಗೆ ನುಗ್ಗಿ ಹೊಡೆದರು, ಕೊಂದರು. 1871ರಲ್ಲಿ ಅಧ್ಯಕ್ಷ ಗ್ರಾಂಟ್ ದಕ್ಷಿಣ ಕೆರೊಲಿನಾದ 9 ಕೌಂಟಿಗಳಲ್ಲಿ ಹೇಬಿಯಸ್ ಕಾರ್ಪಸ್ (ಬಂಧನವನ್ನು ಕೋರ್ಟಿನಲ್ಲಿ ಪ್ರಶ್ನಿಸುವ ಹಕ್ಕು) ಅಮಾನತು ಮಾಡಿ, ಸೇನೆಯಿಂದ ನೂರಾರು ಜನರನ್ನು ಹಿಡಿಸಿದ ಮೇಲೆ ಅದು ಮುರಿದುಬಿತ್ತು. ದೌರ್ಜನ್ಯ ಮಾತ್ರ ನಿಲ್ಲಲಿಲ್ಲ, ಇದನ್ನು ಖಂಡಿತ ಸೇರಿಸಿ.

ಒಂಟಿಕೊಪ್ಪಲು ಓದುಗ:
ಎರಡನೆಯದು 1915ರದು, ಜಾರ್ಜಿಯಾದ ಸ್ಟೋನ್ ಮೌಂಟನ್. ಇದರ ಬೆಳವಣಿಗೆ ಅರ್ಥವಾಗಬೇಕಾದರೆ ದುಡ್ಡಿನ ಲೆಕ್ಕ ನೋಡಿ: ಸದಸ್ಯತ್ವಕ್ಕೆ 10 ಡಾಲರ್, ಅದರಲ್ಲಿ 4 ಡಾಲರ್ ಸೇರಿಸಿದವನ ಜೇಬಿಗೆ. ಕ್ಯಾಥೊಲಿಕರು, ಯಹೂದಿಗಳು, ವಲಸಿಗರ ಮೇಲೂ ದ್ವೇಷ ಹಬ್ಬಿಸಿದರು. ಉತ್ತರದ ಇಂಡಿಯಾನಾದಲ್ಲೂ ಬೇರೂರಿತ್ತು. ಅಲ್ಲಿನ ನಾಯಕನಿಗೇ 1925ರಲ್ಲಿ ಕೊಲೆ ಪ್ರಕರಣದಲ್ಲಿ ಶಿಕ್ಷೆಯಾಯಿತು. ಈ ಎರಡನೆಯ ಕ್ಲಾನ್ 1944ರಲ್ಲಿ ತೆರಿಗೆ ಬಾಕಿಗೆ ಬಾಗಿಲು ಹಾಕಿತು.

ಮಂಡ್ಯ ಮೇಷ್ಟ್ರು:
ಮೂರನೆಯದು ಬಿಡಿಬಿಡಿ ಗುಂಪುಗಳು. 1963ರಲ್ಲಿ ಅಲಬಾಮಾ ರಾಜ್ಯದ ಬರ್ಮಿಂಗ್‌ಹ್ಯಾಮ್ ಚರ್ಚಿಗೆ ಬಾಂಬಿಟ್ಟು 4 ಹೆಣ್ಣುಮಕ್ಕಳನ್ನು ಕೊಂದವರು ಇವರೇ. 1987ರ ತೀರ್ಪು ಮರೆಯಬೇಡಿ: ಅಲಬಾಮಾದಲ್ಲಿ ಒಂದು ಕ್ಲಾನ್ ಗುಂಪಿನವರಿಂದ ಕೊಲೆಯಾದ ಯುವಕನ ತಾಯಿಗೆ 70 ಲಕ್ಷ ಡಾಲರ್ ಪರಿಹಾರ. ಕಟ್ಟಲಾಗದೆ ಆ ಗುಂಪು ತನ್ನ ಕಚೇರಿ ಕಟ್ಟಡವನ್ನೇ ಆಕೆಗೆ ಬರೆದುಕೊಟ್ಟಿತು.